ಅಮ್ಮ ಕಳಿಸಿದ ಹುಲ್ಲು

ಮನೆಯಿಂದ,
೧೪ ಡಿಸೆಂಬರ್, ಬೆಳಿಗ್ಗೆ

ಪ್ರೀತಿಯ ಮಗಳಿಗೆ,

ಹೇಗಿದ್ದೀಯ? ಅಳಿಯಂದಿರ ಬೆನ್ನುನೋವು ಇಳಿಯಿತೇ? ಅವರು ಹಾಸಿಗೆ ಬಿಟ್ಟೇಳುವವರೆಗೆ ಎರಡು ಎಮ್ಮೆಗಳ ಹಾಲಿನಲ್ಲೇ ಮನೆ ನಡೆಯಬೇಕು ಎಂದು ನೀನು ಬರೆದಿದ್ದೆ. ನಡೆಸುತ್ತೀಯ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನೀನು. ಆದರೆ ಊಟ ಬಿಟ್ಟು ದುಡಿಯಬೇಡ. ಹೋದ ಸಲ ಬಂದಾಗ ನಿನ್ನ ರವಿಕೆ ಗೂಟಕ್ಕೆ ತೂಗುಹಾಕಿದ ಹಾಗಿತ್ತು. ಮೊಮ್ಮಗಳು ಓದುತ್ತಾಳೋ, ಇಲ್ಲ ಅವಳೂ ನಿನ್ನ ಹಾಗೆ ಎಮ್ಮೆಯ ಬೆನ್ನ ಮೇಲೆ ಕೂತೇ ಪಾಠ ಒಪ್ಪಿಸುತ್ತಾಳೋ?

ಇಲ್ಲಿಯ ಸುದ್ದಿ ಚೆನ್ನಾಗಿಲ್ಲ. ನಿನ್ನ ಮುದ್ದಿನ ಎಮ್ಮೆ ಬೆಳ್ಳಿಗಣ್ಣಿ ಮೊನ್ನೆ ಸತ್ತುಹೋಯಿತು. ಮೊದಲು ಬಾಲದ ತುದಿ ತಣ್ಣಗಾಗಿ ಕಪ್ಪಿಟ್ಟಿತು. ಆಮೇಲೆ ಕಿವಿಯ ಅಂಚು ಸುಟ್ಟ ಕಾಗದದಂತೆ ಮುರುಟಿತು. ಹಿಂಗಾಲು ಊದಿ, ಗೊರಸಿನ ಮೇಲೆ ಚರ್ಮ ಬಿರಿದು, ಕೊನೆಗೆ ಒಂದು ಗೊರಸು ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಹಾಗೆ ಕಳಚಿ ಉಳಿಯಿತು. ಅಷ್ಟಾದರೂ ಪಾಪದ ಪ್ರಾಣಿ ಮೇವು ಬಿಡಲಿಲ್ಲ. ಮಲಗಿದಲ್ಲೇ ನನ್ನ ಕೈಯಿಂದ ತಿಂದಿತು. ಹೊಟ್ಟೆ ತುಂಬಿದರೆ ಬಲ ಬಂದೀತೆಂದು ನಾನೂ ಬಿಡದೆ ತಿನ್ನಿಸಿದೆ. ಈಗ ಅದರ ಮಗಳಿಗೂ ಅದೇ ಶುರುವಾಗಿದೆ. ನಿನ್ನೆಯಿಂದ ಎದ್ದಿಲ್ಲ. ಕೆಸರಲ್ಲಿ ಕಟ್ಟಿದ್ದಕ್ಕೇ ಹೀಗಾಯಿತೆಂದು ನಿನ್ನ ತಮ್ಮನಿಗೆ ಚೆನ್ನಾಗಿ ಬೈದೆ. "ಕೆಸರಿಗೆ ಕಿವಿ ಉದುರುತ್ತಾ ಅಮ್ಮಾ?" ಅಂದ. ನಾಲಿಗೆ ನೋಡು ಅವನದು! ನಿಮ್ಮಪ್ಪ ಕೊಟ್ಟಿಗೆಗೆಲ್ಲ ಸುಣ್ಣ ಬಳಿದು, ಬೆಳ್ಳಿಗಣ್ಣಿಯ ಜಾಗ ಮಾತ್ರ ಹಾಗೇ ಬಿಟ್ಟು ಬಂದು ಕೂತರು.

ಮೇವಿನಲ್ಲಿ ಕಡಿಮೆ ಮಾಡಿದೆನೆಂದು ಯಾರೂ ನನ್ನತ್ತ ಬೆರಳು ತೋರಿಸುವ ಹಾಗಿಲ್ಲ. ಅಕಾಲದ ಮಳೆಗೆ ಸುತ್ತಲಿನವರ ಬಣವೆಗಳೆಲ್ಲ ತೊಯ್ದು ತೊಪ್ಪೆಯಾದವು. ಕೊಯ್ದ ಮರುದಿನವೇ ಹುಲ್ಲು ಒಟ್ಟಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಸುತ್ತ ಕಲ್ಲು ಹೇರಿಸಿ, ಇರುವೆಯೂ ನುಸುಳದಂತೆ ಮುಚ್ಚಿಸಿದವಳು ನಾನೊಬ್ಬಳೇ. ಬಿಚ್ಚಿದಾಗ ಬೂದಿಯಂಥ ಪುಡಿ ಹಾರಿತು, ನಿಜ. ನೀನಂತೂ ಗಾಡಿಗೆ ಹೇರುವಾಗ ಮೂಗು ಮುಚ್ಚಿಕೊಂಡು, "ಮುಗ್ಗಲು ವಾಸನೆ ಬರ್ತಿದೆ, ಇದು ಬೇಡಮ್ಮ" ಅಂದೆ. "ತವರಿನ ಹುಲ್ಲು ನಾರುತ್ತಾ ನಿನಗೆ? ಕೊಡವಿ ಉಪ್ಪುನೀರು ಚಿಮುಕಿಸು. ಎಮ್ಮೆ ನಿನ್ನಷ್ಟು ನಾಜೂಕಲ್ಲ" ಎಂದು ಗದರಿ, ಗಾಡಿ ತುಂಬಿಸಿಯೇ ಕಳಿಸಿದೆ. "ಅಮ್ಮ ಕೊಟ್ಟ ಹುಲ್ಲನ್ನೇ ಹಾಕ್ತಿದ್ದೀನಿ, ಎರಡೂ ಚೆನ್ನಾಗಿ ತಿಂತಿವೆ" ಎಂದು ಹೋದ ಪತ್ರದಲ್ಲಿ ಬರೆದಿದ್ದೆಯಲ್ಲ, ಅದನ್ನು ನಿಮ್ಮಪ್ಪನಿಗೆ ಜೋರಾಗಿ ಓದಿ ಹೇಳಿದೆ. ಕೊನೆಗೂ ನನ್ನ ಮಾತು ಕೇಳಿದಳು ನೋಡಿ ಅಂದೆ.

ದನದ ಡಾಕ್ಟರಿಗೆ ಹೇಳಿ ಕಳಿಸಿದ್ದೇವೆ, ಇವತ್ತು ಬರಬಹುದು. ಹಾಲಿನ ವ್ಯಾನು ಮಧ್ಯಾಹ್ನ ನಿಮ್ಮ ಕಡೆ ಹೋಗುತ್ತದೆ. ಇದನ್ನು ಡ್ರೈವರ್ ಕೈಗೆ ಕೊಡುತ್ತೇನೆ. ಬೆಳ್ಳಿಗಣ್ಣಿಗಾಗಿ ಅತ್ತು ಕೂರಬೇಡ, ಹಾಲು ಕರೆಯುವ ಹೊತ್ತು ತಪ್ಪೀತು. ಅಳಿಯಂದಿರಿಗೆ ಬೇಗ ಗುಣವಾಗಲಿ, ಮಗು ಸುಖವಾಗಿರಲಿ.

ನಿನ್ನ ಅಮ್ಮ

ತಾ.ಕ.: ವ್ಯಾನು ಹೊರಗೆ ಹಾರ್ನ್ ಹೊಡೆಯುತ್ತಿದೆ. ಡಾಕ್ಟರ್ ಈಗಷ್ಟೇ ಹೋದರು. ಕೆಸರಲ್ಲ, ಹುಲ್ಲು. ಹಸಿಯಿರುವಾಗಲೇ ಮುಚ್ಚಿದ್ದರಿಂದ ಒಳಗೇ ಬೆವತು, ಬೂಷ್ಟು ಹಿಡಿದು ವಿಷವಾಗಿದೆಯಂತೆ. ಕೊಡವಿದರೂ ಹೋಗುವುದಿಲ್ಲ, ಉಪ್ಪುನೀರು ಹಾಕಿದರೆ ಎಮ್ಮೆ ಇನ್ನಷ್ಟು ತಿನ್ನುತ್ತದೆ, ಅಷ್ಟೇ. ಬೆಳ್ಳಿಗಣ್ಣಿಯ ಮಗಳು ಇನ್ನು ಏಳುವುದಿಲ್ಲ ಅಂದರು. ಇದನ್ನು ಓದಿದ ಕೂಡಲೇ ಕೊಟ್ಟಿಗೆಗೆ ಹೋಗಿ ಎರಡರ ಬಾಲದ ತುದಿಯನ್ನೂ ಮುಟ್ಟಿ ನೋಡು, ಬೆಚ್ಚಗಿದೆಯಾ ಅಂತ. ಉಳಿದ ಹುಲ್ಲು ಸುಡು, ಕೆಳಗೆ ಹಾಸಲೂ ಬೇಡ. ನೀನು ಬರೆದದ್ದು ನನ್ನ ಮನಸ್ಸು ನೋಯದಿರಲೆಂದು ಹೇಳಿದ ಸುಳ್ಳಾಗಿರಲಿ ಮಗಳೇ. ಸುಳ್ಳಾಡಿದರೆ ನಾಲಿಗೆ ಸುಡುತ್ತೇನೆಂದು ಹೆದರಿಸಿ ನಿನ್ನನ್ನು ಬೆಳೆಸಿದವಳು ನಾನೇ. ನೀನು ಒಂದು ಸಲವೂ ಆಡಲಿಲ್ಲ.