ಸ್ಟ್ರೀಟ್ಸ್‌ವಿಲ್ ತೋಟದಲ್ಲಿ ಟೊಮೆಟೊ ಬಾಡಿದ ಬಗ್ಗೆ

ಸಸ್ಯರೋಗ ವಿಭಾಗದ ಮಾನ್ಯ ಅಧಿಕಾರಿಗಳೇ,

ಒಂದು ಗಿಡವನ್ನು ಬಂದು ನೋಡುವುದಕ್ಕೆ ನಿಮ್ಮ ಕಚೇರಿಗೆ ಐದು ವಾರ ಬೇಕಾಯಿತು. ಅಷ್ಟರಲ್ಲಿ ಸ್ಟ್ರೀಟ್ಸ್‌ವಿಲ್‌ನಲ್ಲಿ ನಾವೆಲ್ಲ ಸೇರಿ ಮಾಡಿಕೊಂಡಿದ್ದ ತರಕಾರಿ ತೋಟ ಹಾಳಾಯಿತು. ಜಗಳವಾಡುವ ಶಕ್ತಿ ನನಗಿಲ್ಲ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಧಾರವಾಡದಲ್ಲಿ ಹನ್ನೊಂದು ವರ್ಷ ಸಸ್ಯರೋಗಗಳ ಅಭ್ಯಾಸ ಮಾಡಿದವಳು ನಾನು. ಈ ದೇಶಕ್ಕೆ ಬಂದ ಮೇಲೆ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತೇನೆ. ಅದು ನಿಮ್ಮ ತಪ್ಪಲ್ಲ, ಬಿಡಿ. ಜುಲೈ ಮೊದಲ ವಾರ ಪಕ್ಕದ ಪಾತಿಯ ನಾಗವ್ವ ನನ್ನನ್ನು ಕರೆದರು. ಬೆಳಗಾವಿ ಕಡೆಯವರು, ಎಪ್ಪತ್ತು ದಾಟಿದೆ. "ನೀರ ಹಾಕೀನಿ, ಆದ್ರೂ ಗಿಡ ಜೋತ್ ಬಿದ್ದೈತಿ ನೋಡವ್ವಾ. ಎಲಿ ಇನ್ನೂ ಹಸರ ಐತಿ" ಎಂದರು. ಹಸಿರಾಗಿದ್ದಂತೆಯೇ ಬಾಡುವ ಗಿಡ ಕಂಡರೆ ನನಗೆ ಮೊದಲು ಬರುವ ಅನುಮಾನ ಒಂದೇ. ಕಾಂಡ ಕತ್ತರಿಸಿ ನೀರಿನ ಲೋಟದಲ್ಲಿ ಇಳಿಬಿಟ್ಟೆ. ಐದು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಇಳಿಯತೊಡಗಿತು. ದುಂಡಾಣು ಸೊರಗು ರೋಗ. ಮಣ್ಣಿನಲ್ಲಿ, ನೀರಿನಲ್ಲಿ ಪಾತಿಯಿಂದ ಪಾತಿಗೆ ಹರಿಯುವಂಥದ್ದು.

ಅಂದೇ ನಿಮಗೆ ಫೋನ್ ಮಾಡಿದೆ. ಏನು ಕಂಡಿರಿ ಎಂದು ನಿಮ್ಮವರು ಕೇಳಲಿಲ್ಲ. ಗಿಡದ ರೋಗ ಗುರುತಿಸುವುದಕ್ಕೆ ಇಲ್ಲಿನ ಲೈಸೆನ್ಸ್ ಇದೆಯೇ ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಸಾರ್ವಜನಿಕರ ಫಾರ್ಮ್ ತುಂಬಿ ಎಂದರು. ತುಂಬಿದೆ. ಜೊತೆಗಿಟ್ಟ ಫೋಟೊ ಮಸುಕಾಗಿದೆ ಎಂದು ಉತ್ತರ ಬಂತು. ಬ್ಯಾಕ್ಟೀರಿಯಾ ಇನ್ನಷ್ಟು ಚೆನ್ನಾಗಿ ಪೋಸು ಕೊಡಬೇಕಿತ್ತೇನೋ. ಮತ್ತೆ ಕಳಿಸಿದೆ. ಆಮೇಲೆ ಉತ್ತರವೂ ಇಲ್ಲ.

ರೋಗದ ಗಿಡ ಕೀಳಿ, ಪಾತಿಗಳ ನಡುವಿನ ಕಾಲುವೆ ನೀರು ನಿಲ್ಲಿಸಿ ಎಂದು ತೋಟದ ಉಸ್ತುವಾರಿ ಮಧುಸೂದನ್ ಅವರಿಗೆ ಹೇಳಿದೆ. ಸಭ್ಯರು. "ಮೇಡಂ, ಆಫೀಸಿಂದ ಒಂದು ಇಮೇಲ್ ಬರಲಿ, ತೋಟ ಕ್ಲೋಸ್ ಮಾಡೋಣ. ನೀವು ಹೇಳಿದ್ರಿ ಅಂತ ಜನರ ಗಿಡ ಕೀಳಿಸೋಕಾಗುತ್ತಾ?" ಎಂದರು. ಅವರನ್ನು ಹೇಗೆ ದೂರಲಿ? ನಾಗವ್ವ ಮಾತ್ರ ಮರುದಿನವೇ ತಮ್ಮ ಹದಿನಾರು ಗಿಡ ಕಿತ್ತು ಚೀಲಕ್ಕೆ ತುಂಬಿದರು. "ಇನ್ನೇನ್ ಹಣ್ಣ ಆಗೂದಿತ್ತು" ಎಂದರು.

ಆಗಸ್ಟಿನಲ್ಲಿ ನಿಮ್ಮ ಇನ್‌ಸ್ಪೆಕ್ಟರ್ ಬಂದರು. ಲ್ಯಾಬ್ ನನ್ನ ಮಾತನ್ನೇ ಹೇಳಿತು. ತೋಟಕ್ಕೆ ಬೀಗ ಬಿತ್ತು, ಗಿಡ ಕಿತ್ತವರಿಗೂ ಕೀಳದವರಿಗೂ. ನಿಮ್ಮ ಪ್ರಕಟಣೆಯಲ್ಲಿ "ತ್ವರಿತ ಕ್ರಮ" ಎಂಬ ಮಾತಿದೆ. ಯಾರದು ಸ್ವಾಮಿ, ಆ ತ್ವರೆ?

ನನಗೆ ನೌಕರಿ ಬೇಡ, ಕ್ಷಮೆಯೂ ಬೇಡ. ಗಿಡ ಬಾಡುತ್ತಿದೆ ಎಂದು ಯಾರೇ ಹೇಳಲಿ, ಮೂರು ದಿನದೊಳಗೆ ಒಬ್ಬರು ಬಂದು ಬಗ್ಗಿ ನೋಡಬೇಕು. ಇಷ್ಟೇ. ನಿನ್ನೆ ನಾಗವ್ವ ಮಗನ ಹಿತ್ತಲಿನ ಸೇಬಿನ ಎಲೆ ಮೇಲೆ ಕಂದು ಚುಕ್ಕೆ ಕಂಡಿದ್ದಾರೆ. "ಆಫೀಸಿನವ್ರಿಗೆ ಹೇಳ್ಲೇನು?" ಎಂದು ಕೇಳಿದರು. ಹೇಳಿ ಎಂದಿದ್ದೇನೆ. ಸೋಮವಾರ ಮೊಮ್ಮಗಳಿಂದ ಫೋನ್ ಮಾಡಿಸುತ್ತಾರೆ. ದಯವಿಟ್ಟು ಯಾರಾದರೂ ಎತ್ತಿ.

ಇಂತಿ,
ಹೇಳಿ ಹೇಳಿ ದಣಿದ
ಕೋಕಿಲಾ
(ಸಾರ್ವಜನಿಕರ ಪೈಕಿ), ಮಿಸಿಸಾಗ