ಬಿಸಿಲುಮನೆಯಿಂದ, ಚೀಟಿಯ ಹಿಂದಿನ ದಿನ

ಇಸವಿ 2291, ಹದಿಮೂರನೆಯ ತಿಂಗಳ ಇಪ್ಪತ್ತೇಳನೆಯ ದಿನ, ಮಧ್ಯಾಹ್ನ. ಕಪ್ಪತಗುಡ್ಡದ ಒಡಲು, ಬಿಸಿಲುಮನೆ. ಒಳಗೆ ಮೂವತ್ತಾರು ಡಿಗ್ರಿ, ಹೊರಗೆ ಐವತ್ತೆರಡು. ನಾಳೆ ಬೆಳಿಗ್ಗೆ ಚೀಟಿ ಹಾಕಬೇಕು.

ಹದಿಮೂರನೆಯ ತಿಂಗಳು ಎಂಬುದು ಕೈತಪ್ಪಲ್ಲ. ತಿಂಗಳಿಗೂ ಮಳೆಗೂ ಇದ್ದ ನಂಟು ಕಡಿದುಹೋದ ಮೇಲೆ ನಮ್ಮ ಹಿರಿಯರು ವರ್ಷವನ್ನು ಇಪ್ಪತ್ತೆಂಟು ದಿನಗಳ ಹದಿಮೂರು ತುಂಡು ಮಾಡಿಕೊಂಡರು. ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತವನು, ಅದರಲ್ಲೂ ಹೆಚ್ಚಿನವು ಅನುವಾದಗಳು.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಹಳೆಯ ಪುಸ್ತಕಗಳನ್ನು ಬಿಚ್ಚಿ ಮತ್ತೆ ಹೊಲಿಯುವುದು ನನ್ನ ಕೆಲಸ. ಮೂವತ್ತು ವರ್ಷಗಳ ಹಿಂದೆ ರಕ್ಷಾಪುಟ ಹರಿದ ಒಂದು ಕಾದಂಬರಿ ಕೈಗೆ ಬಂತು. ಲೇಖಕರ ಹೆಸರಾಗಲಿ ಅನುವಾದಕರ ಹೆಸರಾಗಲಿ ಉಳಿದಿರಲಿಲ್ಲ. ಕಥೆ ಎಲ್ಲೋ ಹಿಮ ಬೀಳುವ ಊರಿನದು. 212ನೆಯ ಪುಟದಲ್ಲಿ ಐದು ತಿಂಗಳ ಚಳಿಯ ಬಳಿಕ ಬಿಸಿಲು ಬರುತ್ತದೆ, ಒಬ್ಬ ಹೆಂಗಸು ಅಂಗಳಕ್ಕಿಳಿದು ಕೈಗವಸು ಕಳಚಿ ಸುಮ್ಮನೆ ನಿಲ್ಲುತ್ತಾಳೆ. ಅದರ ಪಕ್ಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ನೀವು ಬರೆದಿದ್ದೀರಿ: ‘ಗದಗ, ಮೇ 3. ಕರೆಂಟಿಲ್ಲ. 41 ಡಿಗ್ರಿ. ಈ ಪುಟ ಎರಡು ಸಲ ಓದಿದೆ.’ ಇಸವಿ ಹಾಕಿಲ್ಲ. ಈ ಪತ್ರ ನಿಮಗೆ. ತಲುಪುವುದಿಲ್ಲವೆಂದು ಗೊತ್ತು. ಆದರೆ ಇವತ್ತು ಕೈ ಸುಮ್ಮನಿರುತ್ತಿಲ್ಲ, ಬರೆಯಲು ಬೇರೆ ಯಾರೂ ಇಲ್ಲ.

ನಾವು ಗುಡ್ಡವನ್ನು ಕೊರೆದು ಅದರೊಳಗೆ ಬದುಕುತ್ತೇವೆ. ಮೇಲಿನ ಗಾಳಿಗಿರಣಿಗಳು ಕೊಡುವ ಬಲದಿಂದ ಮೂರು ಹವೆಮನೆಗಳು ನಡೆಯುತ್ತವೆ. ಒಂದೊಂದರಲ್ಲೂ ಒಂದೇ ಹವೆ, ವರ್ಷವಿಡೀ. ಚಳಿಮನೆಯಲ್ಲಿ ಹದಿನಾಲ್ಕು ಡಿಗ್ರಿ. ಮಳೆಮನೆಯಲ್ಲಿ ಇಪ್ಪತ್ತೆರಡು, ಚಾವಣಿಯಿಂದ ದಿನಕ್ಕೆರಡು ಸಲ ತುಂತುರು. ಬಿಸಿಲುಮನೆಯಲ್ಲಿ ಮೂವತ್ತಾರು, ಜೊತೆಗೆ ಕನ್ನಡಿಗಳಿಂದ ಇಳಿಸಿದ ನಿಜವಾದ ಬಿಸಿಲು. ಹನ್ನೆರಡು ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ತಮಗೆ ಬೇಕಾದ ಹವೆಯನ್ನು ಬಯಕೆಚೀಟಿಯಲ್ಲಿ ಬರೆದು ಮಡಿಸಿ ಪೆಟ್ಟಿಗೆಗೆ ಹಾಕುತ್ತಾರೆ. ಮುಂದಿನ ಚೀಟಿಯವರೆಗೆ ವಾಸ ಅಲ್ಲಿಯೇ. ಮೈ ಒಂದು ಹವೆಗೆ ಒಗ್ಗಲು ಕಡಿಮೆಯೆಂದರೂ ಮೂರು ತಿಂಗಳು ಬೇಕು, ಆಮೇಲೆ ಇನ್ನೊಂದು ಮನೆಯಲ್ಲಿ ಒಂದು ತಾಸು ಕೂರುವುದೂ ಕಷ್ಟ. ಅದಕ್ಕೆಂದೇ ಮನೆಗಳ ನಡುವೆ ನಡುಗೂಡು ಎಂಬ ಕೋಣೆ ಇದೆ. ಬೇರೆ ಬೇರೆ ಮನೆಯವರು ನಾಲ್ಕು ದಿನಕ್ಕೊಮ್ಮೆ ಭೇಟಿಯಾಗುವುದು ಅಲ್ಲಿ. ಅಲ್ಲಿನ ಹವೆ ಯಾರಿಗೂ ಹಿಡಿಸುವುದಿಲ್ಲ. ಅರ್ಧ ಜನ ಶಾಲು ಹೊದ್ದಿರುತ್ತಾರೆ, ಇನ್ನರ್ಧ ಜನ ಬೀಸಣಿಗೆ ಬೀಸುತ್ತಿರುತ್ತಾರೆ.

ಇನ್ನೊಬ್ಬರ ಹವೆ ಕೇಳುವುದು ನಮ್ಮಲ್ಲಿ ದೊಡ್ಡ ತಪ್ಪು. ಇದು ಬರಿಯ ಮಡಿವಂತಿಕೆಯಲ್ಲ. ಮೊದಮೊದಲು ಸೊಸೆಯಂದಿರು ಗಂಡನ ಮನೆಯವರು ಹೇಳಿದ ಹವೆಯನ್ನೇ ಬರೆಯಬೇಕಿತ್ತು. ಹಾಗೆ ಬರೆದ ಒಬ್ಬ ಹುಡುಗಿ ಚಳಿಮನೆಯಲ್ಲಿ ಎರಡೇ ವರ್ಷ ಬದುಕಿದಳು. ಅಂದಿನಿಂದ ನಡುಗೂಡಿನ ಗೋಡೆಯ ಮೇಲೆ ಒಂದು ಸಾಲು ಕೆತ್ತಿದೆ: ‘ಚೀಟಿ ಬೀಳುವ ಮುನ್ನ ಯಾರೂ ಯಾರ ಹವೆಯನ್ನೂ ಕೇಳಕೂಡದು.’ ಗಂಡ ಹೆಂಡತಿಗೂ ಇದೇ ನಿಯಮ.

ನನಗೆ ಇಷ್ಟವಾದದ್ದು ಚಳಿ. ಹುಟ್ಟಿನಿಂದಲ್ಲ, ನಿಮ್ಮ ಆ ಪುಟದಿಂದ. ಚಳಿಮನೆಯಲ್ಲಿ ಬೆರಳಿಗೆ ಅಂಟು ಮೆತ್ತುವುದಿಲ್ಲ, ಕಾಗದ ಸೆಟೆದು ನಿಲ್ಲುತ್ತದೆ, ಮನಸ್ಸು ಒಂದು ವಾಕ್ಯವನ್ನು ಕೊನೆಯವರೆಗೂ ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಹೆಂಡತಿ ದ್ಯಾಮವ್ವ ಬಿಸಿಲುಮನೆಯವಳು. ಹಪ್ಪಳ, ಶಂಡಿಗೆ, ಮೆಣಸಿನಕಾಯಿ ಒಣಗಿಸುವುದು ಅವಳ ಕೆಲಸ. ಬಿಸಿಲಿಗೆ ಬೆನ್ನು ಕೊಟ್ಟು ಕೂತಾಗ ಅವಳ ಮುಖದ ಮೇಲೆ ಬರುವ ನೆಮ್ಮದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮದುವೆಯಾಗಿ ನಾಲ್ಕು ವರ್ಷ ನಡುಗೂಡಿನಲ್ಲೇ ಸಂಸಾರ ನಡೆಸಿದೆವು. ಆಗ ಚೀಟಿ ಬಂತು. ಅವಳ ಜೊತೆ ಇರಬೇಕೆಂದು ನಾನು ‘ಬಿಸಿಲು’ ಎಂದು ಬರೆದೆ. ಕೇಳುವಂತಿರಲಿಲ್ಲ, ಕೇಳಲಿಲ್ಲ. ಮನೆ ಬದಲಿಸುವ ದಿನ ಗಂಟು ಹೊತ್ತು ನಡುಗೂಡಿಗೆ ಬಂದರೆ ಎದುರಿನಿಂದ ಅವಳೂ ಗಂಟು ಹೊತ್ತು ಬರುತ್ತಿದ್ದಳು, ಹೆಗಲ ಮೇಲೆ ಕಂಬಳಿ.

“ನೀವು ಯಾ ಕಡೆ ಹೊಂಟೀರಿ?” ಎಂದಳು.

“ನಿನ್ನ ಮನಿಗೆ. ನೀ?”

ಅವಳು ಗಂಟು ಇಳಿಸಿ ಅದರ ಮೇಲೆಯೇ ಕೂತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. “ಛಲೋ ಆತು ಬಿಡ್ರಿ. ಹನ್ನೆರಡು ವರ್ಷ ನಿಮ್ಮ ಚಳಿ ನಾ ಕಾಯ್ತೀನಿ, ನನ್ನ ಬಿಸಲು ನೀವು ಕಾಯ್ರಿ.”

ಕಾದೆವು. ಈ ಸೆಕೆಯಲ್ಲಿ ಪುಸ್ತಕದ ಅಂಟು ಕರಗುತ್ತದೆ, ಹಾಗಾಗಿ ನನ್ನ ಪುಸ್ತಕಗಳನ್ನು ಅವಳು ಚಳಿಮನೆಯಲ್ಲಿ ಇಟ್ಟುಕೊಂಡಳು. ಅಲ್ಲಿ ಏನೂ ಒಣಗುವುದಿಲ್ಲ, ಹಾಗಾಗಿ ಅವಳು ಹಾಕಿದ ಶಂಡಿಗೆಯನ್ನು ಹಸಿಯಾಗಿಯೇ ನಡುಗೂಡಿಗೆ ತಂದು ಕೊಡುವಳು, ನಾನು ಇಲ್ಲಿ ಬಟ್ಟೆಯ ಮೇಲೆ ಹರಡಿ, ಮಗುಚಿ, ಒಣಗಿಸಿ ಮರಳಿಸುವೆನು. “ಈ ಸಲ ಕರಕ್ ಮಾಡೀರಿ. ಪುಸ್ತಕ ಓದ್ಕೊಂತ ಕುಂತಿದ್ರಿ ಹೌದಿಲ್ಲೋ?” ಎಂದು ಬೈಯುವಳು. ಹೌದು, ಓದುತ್ತಿದ್ದೆ.

ಈಗ ಗಾಳಿ ಇಳಿದಿದೆ. ನಡುಗೂಡಿನ ಬಾಗಿಲುಗಳಿಂದ ಹವೆ ಸೋರಿ ಬಲ ವ್ಯರ್ಥವಾಗುತ್ತದೆಂದು, ಈ ಚೀಟಿಯ ಬಳಿಕ ಅವುಗಳಿಗೆ ಕಲ್ಲು ಕಟ್ಟುತ್ತಾರೆ. ಮತ್ತೆ ತೆರೆಯುವುದು ನನ್ನ ಆಯುಷ್ಯದಲ್ಲಿ ಇಲ್ಲ. ನನಗೆ ಐವತ್ತೆಂಟು. ನಾವಿಬ್ಬರೂ ನಾಳೆ ಒಂದೇ ಮಾತು ಬರೆಯದಿದ್ದರೆ ಇನ್ನು ಅವಳನ್ನು ನೋಡಲಾರೆ.

ಮೊನ್ನೆ ಕೊನೆಯ ಭೇಟಿ. ಅವಳು ಶಂಡಿಗೆ ತರಲಿಲ್ಲ. ನನ್ನ ಪುಸ್ತಕಗಳನ್ನೆಲ್ಲ ಎರಡು ಗಂಟು ಕಟ್ಟಿ ತಂದಿದ್ದಳು.

“ತಗೋರಿ, ಎಲ್ಲಾ ಅದಾವ. ಎಣಿಸ್ಕೋರಿ ಮತ್ತ, ಆಮ್ಯಾಲ ಒಂದು ಕಡಿಮಿ ಬಂತು ಅಂತ ನನ್ನ ಮ್ಯಾಲ ಬರ್ತೀರಿ.”

“ಶಂಡಿಗಿ?”

“ಈ ಸಲ ಹಾಕಿಲ್ಲ.”

ಯಾಕೆಂದು ಕೇಳಿದರೆ ಮಾತು ನೇರವಾಗಿ ಆ ನಿಯಮಕ್ಕೆ ಹೋಗಿ ಮುಟ್ಟುತ್ತಿತ್ತು. ಗಂಟುಗಳನ್ನು ನನ್ನ ಕಡೆಗೆ ಎಳೆದುಕೊಂಡೆ. ಆಗ ಗಮನಿಸಿದೆ: ಚಳಿಮನೆಗೆ ಹೋದಾಗಿನಿಂದ ನಡುಗೂಡಿನಲ್ಲೂ ಬಿಡದೆ ಹೊದೆಯುತ್ತಿದ್ದ ಶಾಲನ್ನು ಅವಳು ಹೊದ್ದಿರಲಿಲ್ಲ, ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಎರಡು ದಿನದಿಂದ ಇದನ್ನೇ ಓದುತ್ತಿದ್ದೇನೆ. ಅವಳು ಬಿಸಿಲುಮನೆಗೆ ಬರುವವಳಿದ್ದರೆ ಪುಸ್ತಕ ಕಾಯುವ ಅಗತ್ಯ ಮುಗಿಯಿತು, ಮರಳಿಸಿದಳು. ಇಲ್ಲವೇ ಚಳಿಯಲ್ಲೇ ಉಳಿಯುವವಳು, ಬಾಗಿಲು ಮುಚ್ಚುವ ಮೊದಲು ನನ್ನದನ್ನು ನನಗೆ ಕೊಟ್ಟಳು. ಶಂಡಿಗೆ ಹಾಕಲಿಲ್ಲ, ಯಾಕೆಂದರೆ ಇನ್ನು ತಾನೇ ಒಣಗಿಸುತ್ತಾಳೆ, ಅಥವಾ ಇನ್ನು ಒಣಗಿಸುವವರಿಲ್ಲ. ಶಾಲು ಬೇಕಾಗಲಿಲ್ಲ, ಯಾಕೆಂದರೆ ಹನ್ನೆರಡು ವರ್ಷದಲ್ಲಿ ಕೊನೆಗೂ ಚಳಿ ಅವಳಿಗೆ ಒಗ್ಗಿದೆ. ಒಗ್ಗುವುದೂ ಇಷ್ಟವಾಗುವುದೂ ಒಂದೇ ಅಲ್ಲ, ಅದು ನನಗೇ ಗೊತ್ತು. ನನಗೆ ಬಿಸಿಲು ಒಗ್ಗಿದೆ, ಇವತ್ತಿಗೂ ಇಷ್ಟವಾಗಿಲ್ಲ. ಅವಳ ವಿಷಯ ಗೊತ್ತಿಲ್ಲ. ಕಾಣದ ದೇಶದ ಜನರ ಮನಸ್ಸನ್ನು ಎರಡು ಭಾಷೆ ದಾಟಿ ಬಂದ ಮೇಲೂ ಓದಬಲ್ಲೆ. ನನ್ನ ಹೆಂಡತಿಯ ಎರಡು ಗಂಟುಗಳನ್ನು ಓದಲಾಗುತ್ತಿಲ್ಲ.

ಇವತ್ತು ಬೆಳಿಗ್ಗೆ ಪೆಟ್ಟಿಗೆ ಕಾಯುವ ಕಾಸಿಂಬಿ ಖಾಲಿ ಚೀಟಿ ಹಂಚಲು ಬಂದಳು. ಹೋದ ಸಲದ ಚೀಟಿಗಳನ್ನು ತೆರೆದವಳೂ ಅವಳೇ.

“ನಿಮ್ಮಿಬ್ಬರ ಚೀಟಿ ಒಂದರ ಮ್ಯಾಲ ಒಂದು ಬಂದಿದ್ವು ನೋಡ್ರಿ,” ಎಂದಳು. “ನಕ್ಕೋಬೇಕೋ ಅಳಬೇಕೋ ತಿಳೀಲಿಲ್ಲ. ಬಾಯಿ ಬಿಡಾಕ ಆಣಿ ಅಡ್ಡ ಇತ್ತು. ಈ ಸಲರ ಶಾಣ್ಯಾ ಆಗ್ರಿ, ಪುಸ್ತಕದಪ್ಪ.”

“ಹೆಂಗ ಆಗೂದು ಹೇಳು.”

“ಅದನ್ನ ನನಗ ಕೇಳ್ತೀರಿ? ಗ್ವಾಡಿ ಮ್ಯಾಲಿನ ಅಕ್ಷರ ಓದಾಕ ಬರಲ್ಲೇನು ನಿಮಗ?”

ಅವಳು ಹೋದ ಮೇಲೆ ನಡುಗೂಡಿನವರೆಗೆ ನಡೆದು ಆ ಸಾಲನ್ನು ಮತ್ತೆ ಓದಿದೆ. ನೂರು ಸಲ ಓದಿದ ಸಾಲು. ಕೇಳಕೂಡದು ಎಂದಿದೆ. ಹೇಳಕೂಡದು ಎಂದಿಲ್ಲ. ಆದರೂ ಇಲ್ಲಿಯವರೆಗೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಹೇಳುವುದೆಂದರೆ ಇನ್ನೊಬ್ಬರ ಕೈ ತಿರುವಿದಂತೆ ಎಂದು ನಮ್ಮವರ ಭಾವನೆ. ಆ ಭಯ ನನಗೂ ಇದೆ. ಸತ್ತ ಆ ಹುಡುಗಿಗೂ ಯಾರೋ ಮೊದಲು ಬರೀ ಹೇಳಿಯೇ ಇರಬೇಕು, ಬಲವಂತ ಬಂದದ್ದು ಆಮೇಲೆ.

ನಿಮ್ಮಲ್ಲಿ ಒಂದೇ ಒಂದು ಕೋರಿಕೆ. ಡಿಗ್ರಿ ಬರೆದಿದ್ದೀರಿ, ತಾರೀಖು ಬರೆದಿದ್ದೀರಿ, ಕರೆಂಟು ಇಲ್ಲದ್ದನ್ನೂ ಬರೆದಿದ್ದೀರಿ. ಆ ಮಧ್ಯಾಹ್ನ ನಿಮ್ಮ ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಬರೆದಿಲ್ಲ. ಇಡೀ ಊರು ಒಂದೇ ಸೆಕೆಯಲ್ಲಿ ಬೇಯುತ್ತಿದ್ದ ಕಾಲ ಅದು. ಯಾರನ್ನೂ ಕೇಳದೆ, ಯಾವ ಚೀಟಿಯನ್ನೂ ಹಾಕದೆ, ಎಲ್ಲರೂ ಒಟ್ಟಿಗೆ ಬೈಯುತ್ತಿದ್ದಿರಿ. ಮುಂದಿನ ಸಲ ಅಂಚಿನಲ್ಲಿ ಏನಾದರೂ ಬರೆದರೆ ಪಕ್ಕದವರ ಹೆಸರನ್ನೂ ಬರೆಯಿರಿ.

ಚೀಟಿ ಬರೆದಾಗಿದೆ. ‘ಬಿಸಿಲು’ ಎಂದು, ಹೋದ ಸಲದ ಹಾಗೆಯೇ. ಮಡಿಸಿಲ್ಲ. ಈ ಪತ್ರದ ಜೊತೆ 212ನೆಯ ಪುಟದಲ್ಲಿ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ನಮ್ಮಿಬ್ಬರ ಮನೆಯ ಸಾಲುಗಳು ನಡುಗೂಡಿನಲ್ಲಿ ಎದುರುಬದುರು ನಿಂತಾಗ, ಚೀಟಿ ಹಾಕಲು ಪೆಟ್ಟಿಗೆ ತೆರೆಯುವ ಮೊದಲು, ಅದನ್ನು ಬಿಚ್ಚಿದಂತೆಯೇ ಎತ್ತಿ ಹಿಡಿಯುತ್ತೇನೆ. ನನಗೆ ಇಂದಿಗೂ ಚಳಿಯೇ ಇಷ್ಟ, ಆದರೂ ಇಲ್ಲಿಯೇ ಇರುತ್ತೇನೆ, ನಿನಗೆ ಬೇಕಾದುದನ್ನು ನೀನು ಬರೆ ಎಂದು ದ್ಯಾಮವ್ವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತೇನೆ. ಮುನ್ನೂರು ಜನ ನೋಡುತ್ತಿರುತ್ತಾರೆ. ಅವಳ ಚೀಟಿ ಆಗ ಇನ್ನೂ ಅವಳ ಕೈಯಲ್ಲೇ ಇರುತ್ತದೆ.

ಫಕೀರಪ್ಪ
ಪುಸ್ತಕ ಹೊಲಿಯುವವನು