ಇದು ನಾನು ಅಳೆದ ಬೋಲ್ಟ್ ಅಲ್ಲ

ಪೈನ್ ಲೇಕ್ ರಸ್ತೆ, ಅಪ್ಪರ್ ಮಿಷಿಗನ್
ಗುರುವಾರ, ನವೆಂಬರ್ 7, 1996

ತಮ್ಮ ಅರ್ವೋಗೆ,

ಕ್ಷೇಮವೇ ಎಂದು ಕೇಳುವುದು ಕಾಗದದ ಮರ್ಯಾದೆ, ಅದಕ್ಕೆ ಕೇಳುತ್ತಿದ್ದೇನೆ. ನಾನಂತೂ ಕ್ಷೇಮವಾಗಿಲ್ಲ. ಹನ್ನೆರಡು ಮೈಲಿ ದೂರದ ತಮ್ಮನಿಗೆ ಕಾಗದವೇಕೆ, ಫೋನ್ ಇಲ್ಲವೇ ಎನ್ನಬೇಡ. ಫೋನಿನಲ್ಲಿ ನಾನು ವಿಷಯಕ್ಕೆ ಬರುವಷ್ಟರಲ್ಲಿ ನೀನು "ಒಲೆ ಮೇಲೆ ಕಾಫಿ ಉಕ್ತಾ ಇದೆ ಅಕ್ಕ" ಎಂದು ಇಟ್ಟುಬಿಡುತ್ತೀಯ. ಮಂಗಳವಾರವೇ ಬರೆಯಬೇಕಿತ್ತು. ಸಿಟ್ಟಿನಲ್ಲಿ ಬರೆದದ್ದನ್ನೆಲ್ಲ ಹರಿದು ಹಾಕಿ ಎರಡು ದಿನ ತಡವಾಯಿತು. ಆ ತಡಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ, ಮುಂದೆ ಬರೆಯುವುದಕ್ಕಲ್ಲ.

ಮಂಗಳವಾರ ನೀನು ಮಗಳು ಕ್ರಿಸ್ಟಾಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ನಾಯಿಗೆ ಊಟ ಹಾಕಲೆಂದು ನನಗೆ ಬೀಗದ ಕೈ ಕೊಟ್ಟಿದ್ದೆಯಲ್ಲ, ನಾಯಿಗೆ ಊಟ ಹಾಕಿದೆ. ಆಮೇಲೆ ನಿನ್ನ ಸೌನಾ ಸ್ನಾನದ ಮನೆಯ ಹಿಂದಿನ ಸೌದೆಮನೆಗೆ ಹೋಗಿ, ನೀನು ಗೋಣಿಚೀಲ ಸುತ್ತಿ ಬಚ್ಚಿಟ್ಟಿದ್ದ ಅಪ್ಪನ ಕೋವಿಯನ್ನು ಎತ್ತಿಕೊಂಡು ಬಂದೆ. ಅಕ್ಕ ಕದ್ದಳು ಎಂದೇ ಇಟ್ಟುಕೋ. ಐದು ವಾರದಿಂದ "ಒಂದ್ಸಲ ಕೊಡೋ, ನೋಡ್ತೀನಿ" ಎಂದು ನಾನು ಅಂಗಲಾಚಿದೆ. ನೀನು "ಆ ಹಾಳು ಕೋವಿ ಇನ್ಯಾರೂ ಮುಟ್ಟೋದು ಬೇಡ" ಎಂದೆ. ದುಃಖದಲ್ಲಿ ಹೇಳುತ್ತಿದ್ದೀಯ ಎಂದು ನಂಬಿದ ಪೆದ್ದಿ ನಾನು.

ಅಕ್ಟೋಬರ್ ಐದರಂದು ಜಲ್ಲಿ ಗುಂಡಿಯ ಹತ್ತಿರ ಆ ಮಗು ಅದೇ ಕೋವಿಯಿಂದ ಮೊದಲ ಗುಂಡು ಹೊಡೆದಳು. ತೋಟೆ ಬುಡದಲ್ಲೇ ಸೀಳಿ ಬೆಂಕಿಯಂಥ ಹೊಗೆಯೂ ಹಿತ್ತಾಳೆಯ ಚೂರುಗಳೂ ಹಿಂದಕ್ಕೆ ನುಗ್ಗಿ ಬಲಗಣ್ಣಿಗೆ ಹೊಡೆದವು. ಹತ್ತೊಂಬತ್ತು ವರ್ಷದವಳು. ಈಗ ಆ ಕಣ್ಣಿಗೆ ಕಾಣುವುದು ಬೆಳಕು ಮತ್ತು ನೆರಳು, ಅಷ್ಟೇ. ಕೋವಿಗೆ ಹೊಸ ನಳಿಗೆ ಕೂರಿಸಿದವಳು ನಾನು, ನನ್ನ ಮನೆಯ ಮೇಜಿನ ಮೇಲೆ. ಊರಿಗೆ ಇಷ್ಟು ಸಾಕಾಗಿತ್ತು.

ಅವಳು ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಕಾಫಿಗೆ ಹೋದೆ ನೋಡು, ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಕೇಕು ಹಂಚುತ್ತಿದ್ದ ಹಿಲ್ಡಾ ಬಂದು ಪ್ರೀತಿಯಿಂದ ಎಂಬಂತೆ, "ಸೈಮಾ, ಇನ್ನು ಆ ಲೇತ್ ಮೆಷಿನ್ ಮೇಲೆ ಬಟ್ಟೆ ಹೊದಿಸ್ಬಿಡು ಕಣೇ, ಸ್ವೆಟರ್ ಹೆಣಿ" ಎಂದಳು. ಮಾರನೆಯ ದಿನ ಮೂರು ಜನ ರಿಪೇರಿಗೆ ಕೊಟ್ಟಿದ್ದ ತಮ್ಮ ಕೋವಿಗಳನ್ನು ವಾಪಸು ಒಯ್ದರು. ಒಬ್ಬನೂ ನನ್ನ ಮುಖ ನೋಡಲಿಲ್ಲ. ಗಣಿಯ ರಿಪೇರಿ ಶಾಪಿನಲ್ಲಿ ಮೂವತ್ತೊಂದು ವರ್ಷ ಗಂಡಸರ ನಡುವೆ ನಿಂತು ಸಂಪಾದಿಸಿದ ಹೆಸರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅಷ್ಟಾದರೂ ಸಹಿಸಿದೆ. ಆದರೆ ನೀನು? ಚರ್ಚಿನ ಅದೇ ಕೋಣೆಯಲ್ಲಿ, ನನ್ನಿಂದ ನಾಲ್ಕು ಕುರ್ಚಿ ಆಚೆ ಕೂತು, ದಾಲ್ಚಿನ್ನಿ ರಸ್ಕನ್ನು ಕಾಫಿಯಲ್ಲಿ ಅದ್ದಿಕೊಂಡು, "ಅಕ್ಕಂಗೂ ವಯಸ್ಸಾಯ್ತಲ್ಲ, ಕಣ್ಣು ಮೊದಲಿನ ಹಾಗಿಲ್ಲ. ಏನ್ ಮಾಡೋಕಾಗುತ್ತೆ" ಎಂದೆ. ನನಗೆ ಕೇಳಿಸಿತು ಅರ್ವೋ. ಅರವತ್ತೆಂಟಾದರೂ ಕಿವಿ ಚೆನ್ನಾಗಿದೆ.

ಈಗ ನನ್ನ ಕಣ್ಣು ಏನು ನೋಡಿತು ಎಂದು ಹೇಳುತ್ತೇನೆ, ಕೇಳು. ಸೆಪ್ಟೆಂಬರಿನಲ್ಲಿ ಆ ನಳಿಗೆ ಕೂರಿಸುವಾಗ, ತೋಟೆಯ ಹಿಂದೆ ನಳಿಗೆಯನ್ನು ಮುಚ್ಚುವ ಬೋಲ್ಟಿನ ಸ್ಪ್ರಿಂಗುಗಳನ್ನೆಲ್ಲ ಬಿಚ್ಚಿಟ್ಟಿದ್ದೆ. ಸ್ಪ್ರಿಂಗ್ ಇದ್ದರೆ ಬೆರಳಿಗೆ ಸುಳ್ಳು ಹೇಳುತ್ತದೆ. ತೋಟೆಯ ಜಾಗ ಅಳೆಯುವ ಉಕ್ಕಿನ ತುಂಡು, ಗೋ ಗೇಜು, ಹಾಕಿದರೆ ಬೋಲ್ಟಿನ ಹಿಡಿ ತನ್ನ ಭಾರಕ್ಕೆ ತಾನೇ ಬಿದ್ದು ಮುಚ್ಚಬೇಕು, ಮುಚ್ಚಿತು. ಅದಕ್ಕಿಂತ ಕೂದಲೆಳೆಯಷ್ಟು ಉದ್ದದ ನೋ-ಗೋ ಗೇಜು ಹಾಕಿದರೆ ಮುಚ್ಚಬಾರದು, ಮುಚ್ಚಲಿಲ್ಲ. ನಳಿಗೆಯ ನಟ್ಟು ಬಿಗಿ ಮಾಡಿದ ಮೇಲೆ ಅಳತೆ ಜರುಗುತ್ತದೆಂದು ಮತ್ತೆ ಎರಡನ್ನೂ ಹಾಕಿ ನೋಡಿದೆ. ಮಾರನೆಯ ದಿನ ಬೆಳಗ್ಗೆ ಇನ್ನೊಮ್ಮೆ ನೋಡಿದೆ, ಯಾಕೆಂದರೆ ಆ ಕೋವಿಯನ್ನು ಕೆನ್ನೆಗೆ ಒತ್ತಿಕೊಳ್ಳುವವಳು ಕ್ರಿಸ್ಟಾ. ತೋಟೆಯ ಹಿಂದೆ ಜಾಗ ಹೆಚ್ಚಾದರೆ ಅದು ಸೀಳುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಂಗಳವಾರ ಅದೇ ಮೇಜಿನ ಮೇಲೆ ಅದೇ ನೋ-ಗೋ ಗೇಜು ಹಾಕಿದೆ. ಬೋಲ್ಟು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಮುಚ್ಚಿಕೊಂಡಿತು. ಗೇಜನ್ನು ತೆಗೆದಿಟ್ಟು ಸ್ಟೂಲಿನ ಮೇಲೆ ಕೂತೆ. ಹಾಗಾದರೆ ಹಿಲ್ಡಾ ಹೇಳಿದ್ದೇ ನಿಜ, ಮಗುವಿನ ಕಣ್ಣು ತೆಗೆದವಳು ನಾನೇ ಎಂದುಕೊಂಡೆ. ಎಷ್ಟು ಹೊತ್ತು ಕೂತಿದ್ದೆನೋ, ಕಾಫಿ ತಣ್ಣಗಾಗಿತ್ತು. ಆಮೇಲೆ ಬೋಲ್ಟನ್ನು ಬೆಳಕಿಗೆ ಹಿಡಿದು ಅದರ ನಂಬರು ಓದಿದೆ. ಕೊನೆಗೆ 773. ನನ್ನ ಕೆಲಸದ ನೋಟ್‌ಬುಕ್ಕಿನಲ್ಲಿ ಅಪ್ಪನ ಬೋಲ್ಟಿನ ನಂಬರು 418.

773 ನಿನ್ನ ಕೋವಿಯದು ಮಾರಾಯ! ಅಪ್ಪನದೂ ನಿನ್ನದೂ ಜೋಡಿ ಕೋವಿ, ಒಂದೇ ಕಂಪನಿ, ಒಂದೇ ವರ್ಷ. ಕೋವಿ ಒಂದು ಕಡೆ, ಬೋಲ್ಟ್ ಇನ್ನೊಂದು ಕಡೆ ಎಂಬುದು ಮಕ್ಕಳ ಮೇಲಿನ ಭಯಕ್ಕೆ ಅಮ್ಮ ಮಾಡಿದ ನಿಯಮ. ಎರಡೂ ಬೋಲ್ಟನ್ನು ಅಡುಗೆಮನೆಯ ಅಟ್ಟದ ಮೇಲಿನ ಕಾಫಿ ಡಬ್ಬಿಗೆ ಹಾಕಿ ಮುಚ್ಚುವವನು ನೀನು. ಕೋವಿ ಕೊಡುವ ದಿನ ನಿನ್ನ ಅಂಗಳದಲ್ಲಿ ನಿಂತು ನಾನು ಹೇಳಿದ್ದೆ, "ನೋಡೋ, ಈ ನಳಿಗೆಗೆ ಈ ಬೋಲ್ಟೇ. ಗಂಡ ಹೆಂಡ್ತಿ ಇದ್ದ ಹಾಗೆ, ಅದಲು ಬದಲು ಮಾಡ್ಬೇಡ." ನೀನು ನಕ್ಕು, "ನಮ್ಮೂರಲ್ಲಿ ಅದೂ ನಡೀತದೆ ಬಿಡಕ್ಕ" ಎಂದೆ. ಆಮೇಲೆ ನೀನು ನಿನ್ನ ಆ ಸವೆದ, ನುಣ್ಣಗೆ ಜಾರುವ ಬೋಲ್ಟನ್ನು ಮಗಳ ಕೋವಿಗೆ ತುರುಕಿದೆ, ನಾಲ್ಕು ಸಲ ಮರುತುಂಬಿದ ತೋಟೆಗಳನ್ನು ಕೈಗೆ ಕೊಟ್ಟೆ, ಕಣ್ಣಿಗೊಂದು ಕನ್ನಡಕ ಕೊಡಲಿಲ್ಲ. ತಪ್ಪು ಯಾರಿಂದಲೂ ಆಗುತ್ತದೆ. ಆದರೆ ತಪ್ಪನ್ನು ಅಕ್ಕನ ತಲೆಗೆ ಕಟ್ಟಿ ರಸ್ಕು ತಿನ್ನುವುದು ಎಲ್ಲರಿಂದಲೂ ಆಗುವುದಿಲ್ಲ. ಕೋವಿಯನ್ನು ಬಚ್ಚಿಟ್ಟೆ ಎಂದರೆ ನಿನಗೆ ಗೊತ್ತಿತ್ತು. ಥೂ ಎನ್ನಲೂ ನಾಲಿಗೆ ಬಾರದು, ಎತ್ತಿ ಆಡಿಸಿದ ತಮ್ಮ.

ಭಾನುವಾರ ಕಾಫಿಯ ಹೊತ್ತಿಗೆ ಎದ್ದು ನಿಂತು ನಿಜ ಹೇಳು. ಹೇಳದಿದ್ದರೆ ಬೋಲ್ಟನ್ನೂ ನೋಟ್‌ಬುಕ್ಕನ್ನೂ ಹಿಲ್ಡಾಳ ಕೇಕಿನ ತಟ್ಟೆಯ ಪಕ್ಕದಲ್ಲಿ ಇಟ್ಟು ನಾನೇ ಹೇಳುತ್ತೇನೆ. ನನ್ನ ಸ್ವಭಾವ ನಿನಗೆ ಗೊತ್ತು.

ಇನ್ನೊಂದು ಮಾತು. ಡಬ್ಬಿಯಲ್ಲಿ ಉಳಿದು ನಿನ್ನ ಕೋವಿಗೆ ಈಗ ಸಿಗುವುದು ಅಪ್ಪನ ಬೋಲ್ಟು 418. ಗೇಜು ಹಾಕದೆ ಅದನ್ನು ಹೊತ್ತು ಹದಿನೈದಕ್ಕೆ ಜಿಂಕೆ ಬೇಟೆಗೆ ಹೊರಟೀಯೆ, ಜೋಕೆ. ಬೇಕಾದರೆ ನನ್ನ ಕೋವಿ ಒಯ್ಯಿ. ಮೊಣಕಾಲಿಗೆ ಉಣ್ಣೆಪಟ್ಟಿ ಕಟ್ಟಿಕೋ. ದೇವರು ನಿನಗೆ ಒಳ್ಳೆಯ ಬುದ್ಧಿಯನ್ನೂ ನನ್ನ ಮಗುವಿಗೆ ಕಣ್ಣನ್ನೂ ಕೊಡಲಿ.

ನಿನ್ನ ಅಕ್ಕ,
ಸೈಮಾ

ಮರೆಯದೆ ಓದು — ಶುಕ್ರವಾರ ಬೆಳಗ್ಗೆ ಸೇರಿಸಿದ್ದು.

ಲಕೋಟೆ ಅಂಟಿಸುವಷ್ಟರಲ್ಲಿ ಕ್ರಿಸ್ಟಾ ಬಂದಳು, ಒಂದೇ ಕಣ್ಣಿನಲ್ಲಿ ಕಾರು ಓಡಿಸಿಕೊಂಡು. ಸೌದೆಮನೆಯಲ್ಲಿ ಕೋವಿ ಕಾಣಲಿಲ್ಲವಂತೆ, ಒಯ್ದವಳು ನಾನೇ ಎಂದು ಅರ್ಥವಾಯಿತಂತೆ. ಬಾಗಿಲಲ್ಲೇ ನಿಂತು, "ಅತ್ತೆ, ಅಪ್ಪ ಅಲ್ಲ. ಡಬ್ಬಿಯಿಂದ ಆ ಬೋಲ್ಟ್ ತೆಗೆದಿದ್ದು ನಾನು. ಅದು ನುಣ್ಣಗೆ ಜಾರ್ತಿತ್ತು, ಅದೇ ಒಳ್ಳೇದು ಅಂದ್ಕೊಂಡೆ" ಎಂದು ಬಿಕ್ಕಿದಳು. ಆಸ್ಪತ್ರೆಯಲ್ಲೇ ನಿನಗೆ ಹೇಳಿದಳಂತೆ. ನೀನು, "ಯಾರಿಗೂ ಹೇಳ್ಬೇಡ ಮಗಳೇ, ಕಣ್ಣೂ ಹೋಗಿ ಊರ ಬಾಯಿಗೂ ಬೀಳೋದು ಬೇಡ. ಅತ್ತೆ ಗಟ್ಟಿ, ತಡ್ಕೋತಾಳೆ" ಎಂದೆಯಂತೆ.

ಭಾನುವಾರ ನೀನು ಏಳಬೇಡ. ಅವಳೂ ಏಳುವುದು ಬೇಡ ಎಂದು ಆಣೆ ಹಾಕಿಸಿದ್ದೇನೆ. ನಾನೇ ಕೆಡಿಸಿದೆ ಎಂದು ಊರು ಅಂದುಕೊಳ್ಳಲಿ.

ತಾಯಿ ಬಿಟ್ಟುಹೋದಾಗ ಅವಳಿಗೆ ನಾಲ್ಕು ವರ್ಷ. ಅಂದಿನಿಂದ ಜಡೆ ಹಾಕಿದವಳು ನಾನು. ಆ ಆಸ್ಪತ್ರೆಯ ಓಣಿಯಲ್ಲಿ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ, ಅವಳಿಗಾಗಿ ಆಗಲೇ ಹೂಂ ಎನ್ನುತ್ತಿದ್ದೆ. ಗಟ್ಟಿ ಎಂದು ನೀನೇ ತೀರ್ಮಾನಿಸಿದೆ. ಐದು ವಾರ ರಾತ್ರಿಯೂ ಹಗಲೂ ಅವಳ ಕಣ್ಣು ತೆಗೆದವಳು ನಾನೇ ಇರಬಹುದು ಎಂದು ಒದ್ದಾಡಿದೆನಲ್ಲೋ ಅರ್ವೋ, ಒಂದು ಸಲ ಕೇಳಬಾರದಿತ್ತೇ ನನ್ನನ್ನು?